ಇಪ್ಪತ್ತು ರಾತ್ತಲು ಎಲ್ಲಿಗೆ ಹೋಯಿತು?

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಸಾಲಗಾರರು ಬರುತ್ತಾರೆ. ನಮ್ಮ ಮನೆಗೆ ಮಾತ್ರ ಪ್ರಸಂಗಗಳೇ ಬರುತ್ತಿದ್ದವು. ಒಂದು ಎದ್ದು ಹೋಗುವ ಮೊದಲೇ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಅದರಲ್ಲೂ ನಮ್ಮ ಯಜಮಾನರು ಹೊಟ್ಟೆ ಇಳಿಸಿದ ಆ ಮೂರು ತಿಂಗಳಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಸೊಸೆ ಒಳಗಿಂದ ಬಂದು, "ಏನಾಯ್ತತ್ತೆ?" ಅಂತ ಹಣೆ ಮುಟ್ಟಿ ನೋಡಿ ಹೋಗುತ್ತಾಳೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನ ಲೈನು ಮನೆಯಲ್ಲಿದ್ದೆವು. ಯಜಮಾನರಿಗೆ ಗಣಿಯೊಳಗೆ ಕೆಲಸ. ಜನರನ್ನು ಇಳಿಸಿ ಹತ್ತಿಸುವ ಕೇಜಿನ ಹತ್ತಿರ ನಿಂತು ಗಂಟೆ ಹೊಡೆಯಬೇಕು. ಮೊದಲು ಬಂಡೆ ಕೊರೆಯುವ ಕೆಲಸದಲ್ಲಿದ್ದಾಗ ಕಡ್ಡಿಯಂತಿದ್ದರು. ಗಂಟೆಯ ಹಗ್ಗ ಕೈಗೆ ಬಂತು ನೋಡಿ, ನಿಂತಲ್ಲೇ ನಿಂತು, ಬಜಾರಿನ ಬೋಂಡಾ, ಬೇಕರಿಯ ಬನ್ನು, ದಿನಕ್ಕೆ ಎರಡು ಹೊತ್ತು ಅನ್ನ, ಎಲ್ಲ ಸೇರಿ ಹೊಟ್ಟೆ ಬಂತು. ನನ್ನ ತವರು ಬೂದಿಕೋಟೆಯ ಪಕ್ಕದ ಹಳ್ಳಿ. ನನಗೆ ಬಾಯಿ ಸ್ವಲ್ಪ ಜೋರು. ಬಾಯಿಗಿಂತ ಕುತೂಹಲ ಇನ್ನೂ ಜೋರು.

೧. ಡಾಕ್ಟರ ಚೀಟಿ

ಗಣಿಯೊಳಗೆ ಇಳಿಯುವವರಿಗೆಲ್ಲ ಆಗಾಗ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಆ ಸಲ ಯಜಮಾನರು ತಕ್ಕಡಿ ಹತ್ತಿದಾಗ ಮುಳ್ಳು ಇನ್ನೂರಾಹತ್ತು ರಾತ್ತಲಿಗೆ ಹೋಗಿ ನಿಂತಿತಂತೆ. ಡಾಕ್ಟರು ಅದನ್ನು ಪೌಂಡು ಅಂದರು. ನಮ್ಮ ಬಾಯಲ್ಲಿ ಅದು ರಾತ್ತಲೇ.

"ನೋಡಯ್ಯ, ಕೇಜು ಕೆಟ್ಟು ನಿಂತರೆ ಎಲ್ಲರೂ ಏಣಿ ಹತ್ತಿ ಮೇಲೆ ಬರಬೇಕು. ಏಣಿಯ ಕಂಡಿಯಲ್ಲಿ ನೀನು ಸಿಕ್ಕಿಕೊಂಡರೆ ನಿನ್ನ ಕೆಳಗಿರುವವರು ಏನು ಮಾಡಬೇಕು?" ಅಂತ ಡಾಕ್ಟರು ಕೇಳಿದರು.

"ಕಾಯ್ಬೇಕು ಸಾರ್," ಅಂದರು ನಮ್ಮವರು.

ಡಾಕ್ಟರು ನಗಲಿಲ್ಲ. ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಇಪ್ಪತ್ತು ರಾತ್ತಲು ಇಳಿಸಿ ನೂರಾತೊಂಬತ್ತಕ್ಕೆ ಬರಬೇಕು. ಬರದಿದ್ದರೆ ಗಣಿಯೊಳಗಿನ ಕೆಲಸಕ್ಕೆ ನಾಲಾಯಕ್ಕು ಅಂತ ಬರೆದು ಮೇಲಿನ ಕೆಲಸಕ್ಕೆ ಹಾಕುತ್ತಾರೆ. ಮೇಲಿನ ಕೆಲಸಕ್ಕೆ ಸಂಬಳ ಕಡಿಮೆ. ಅದು ಹಾಳಾಗಲಿ, ಈ ಮನೆಯನ್ನೂ ಬಿಡಬೇಕು. ಈ ಮನೆಯ ಬಾಗಿಲಲ್ಲೇ ನಲ್ಲಿ ಇತ್ತು! ಮದುವೆಯಾಗುವ ತನಕ ಬಾವಿಯಿಂದ ನೀರು ಸೇದಿ ಸೇದಿ ನನ್ನ ಅಂಗೈ ಮರದ ಹಲಗೆಯಾಗಿತ್ತು. ತಿರುಗಿಸಿದರೆ ನೀರು ಬರುವ ಆ ನಲ್ಲಿಯನ್ನು ನಾನು ಯಾವ ಹೊಟ್ಟೆಗೂ ಬಿಟ್ಟುಕೊಡುವ ಪೈಕಿ ಅಲ್ಲ.

ಮಾರನೇ ದಿನ ನಾನೇ ಆಸ್ಪತ್ರೆಗೆ ಹೋದೆ. "ಡಾಕ್ಟ್ರೇ, ಒಂದು ಮಾತು. ಇಪ್ಪತ್ತು ರಾತ್ತಲು ಇಳಿದ್ರೆ ಅದು ಎಲ್ಲಿಗೋಯ್ತದೆ?"

"ಏನಮ್ಮಾ?"

"ಅಲ್ಲ, ಕೂದಲು ಕತ್ತರಿಸಿದ್ರೆ ಕೆಳಗೆ ಬೀಳ್ತದೆ. ಉಗುರು ತೆಗೆದ್ರೆ ಕೈಲಿರ್ತದೆ. ಒಂದು ಮೂಟೆಯಷ್ಟು ಹೊಟ್ಟೆ ಹೋದ್ರೆ ಎಲ್ಲಾದ್ರೂ ಕಾಣಬೇಕಲ್ಲ?"

ಡಾಕ್ಟರು ಉತ್ತರದ ಬದಲು ಒಂದು ಚೀಟಿ ಬರೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು, ಓದಿಸಿಕೊಂಡು ನೋಡಿದೆ: ಓಟ್ಸ್ ಗಂಜಿ, ಕೆನೆ ತೆಗೆದ ಹಾಲು, ಬೇಯಿಸಿದ ಕೋಳಿ, ದಿನಕ್ಕೊಂದು ಆಪಲ್.

ನಾನಂದೆ, "ಇದರ ಪ್ರಕಾರ ನಡೆದ್ರೆ ಸಣ್ಣಗಾಗೋದು ಗ್ಯಾರಂಟಿ ಡಾಕ್ಟ್ರೇ. ತಿಂಗಳ ಹತ್ತನೇ ತಾರೀಕಿಗೆ ಸಂಬಳ ಮುಗಿದು, ಮಿಕ್ಕ ಇಪ್ಪತ್ತು ದಿನ ಇಬ್ರೂ ಉಪವಾಸ."

೨. ಒಂದೇ ಒಂದು ಆಪಲ್

ಆದರೂ ಡಾಕ್ಟರ ಮಾತು ಪೂರ್ತಿ ತಳ್ಳಿಹಾಕಬಾರದು ಅಂತ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋಗಿ ಒಂದೇ ಒಂದು ಆಪಲ್ ಕೇಳಿದೆ. ಹಣ್ಣಿನವನು ಮುಖ ಸಣ್ಣದು ಮಾಡಿಕೊಂಡು, "ಯಾವ ವಾರ್ಡಮ್ಮಾ?" ಅಂದ.

ಆಗೆಲ್ಲ ನಮ್ಮ ಕಡೆ ಆಪಲ್ ಕೊಳ್ಳುವುದು ಅಂದರೆ ಯಾರೋ ಆಸ್ಪತ್ರೆ ಸೇರಿದ್ದಾರೆ ಅಂತ ಅರ್ಥ. ಆರೋಗ್ಯವಾಗಿರುವವರು ಬಾಳೆಹಣ್ಣು ತಿನ್ನುತ್ತಿದ್ದರು. ನನಗೆ ಅದು ಹೊಳೆಯಲಿಲ್ಲ. ಆಪಲನ್ನು ಕೈಯಲ್ಲೇ ಹಿಡಿದುಕೊಂಡು, ಅದ್ಯಾಕೆ ಇದು ಒಂದು ಕಡೆ ಕೆಂಪು ಇನ್ನೊಂದು ಕಡೆ ಹಳದಿ ಅಂತ ತಿರುಗಿಸಿ ನೋಡುತ್ತಾ ಲೈನಿನುದ್ದಕ್ಕೂ ನಡೆದುಬಂದೆ.

ಸಾಯಂಕಾಲ ಯಜಮಾನರು ಕೆಲಸ ಮುಗಿಸಿ ಬಂದು ಬೆಂಚಿನ ಮೇಲೆ ಅಡ್ಡಾಗಿದ್ದರು. ಪಕ್ಕದ ಮನೆಯ ತಮಿಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು. ಒಬ್ಬಳ ಕೈಯಲ್ಲಿ ಇಡ್ಲಿ, ಒಬ್ಬಳ ಕೈಯಲ್ಲಿ ಬ್ರೆಡ್ಡು, ಒಬ್ಬಳ ಕೈಯಲ್ಲಿ ಸಬ್ಬಕ್ಕಿ ಪಾಯಸ. ಬೆಂಚಿನ ಸುತ್ತ ನಿಂತು, "ಐಯೋ ಪಾವಂ, ನೋಡೋಕೆ ಚೆನ್ನಾಗೇ ಇದಾರೆ. ಒಳಗೇನಾಗೈತೋ!" ಅಂತ ಮಾತಾಡಿಕೊಂಡರು.

"ಏನೂ ಆಗಿಲ್ಲ, ಹೊಟ್ಟೆ ಇಳಿಸ್ಬೇಕಂತೆ ಅಷ್ಟೇ," ಅಂದೆ ನಾನು.

"ನೀನು ಧೈರ್ಯದವಳಮ್ಮಾ, ನಮಗೆಲ್ಲ ಗೊತ್ತಾಗ್ತದೆ," ಅಂತ ತಮಿಳಮ್ಮ ನನ್ನ ಭುಜ ತಟ್ಟಿದಳು. ನಮ್ಮವರಾದರೂ ಬಾಯಿ ಬಿಟ್ಟು ಹೇಳಬೇಕೋ ಬೇಡವೋ? ಪಾಯಸದ ವಾಸನೆ ಬಂದದ್ದೇ ತಡ, ಆಸಾಮಿ ಕಣ್ಣು ಮುಚ್ಚಿ ಒಂದು ಸಣ್ಣ ನರಳಾಟ ನರಳಿದರು!

ಅವರೆಲ್ಲ ಹೋದ ಮೇಲೆ ಎದ್ದು ಕೂತು ಇಡ್ಲಿ, ಬ್ರೆಡ್ಡು, ಪಾಯಸ ಮೂರನ್ನೂ ಮುಗಿಸಿದರು. ಕೊನೆಗೆ ಆಪಲ್ ಒಂದು ಕಡಿ ಕಡಿದು ನನ್ನ ಕೈಗೆ ಕೊಟ್ಟು, "ಇದು ಬೇಡ ಕಣೆ. ಇದನ್ನ ತಿಂದ್ರೆ ನಿಜವಾಗ್ಲೂ ಕಾಯಿಲೆ ಬಂದಂಗಾಯ್ತದೆ," ಅಂದರು.

೩. ಹಿಡಿಯದೆ ಬಿಟ್ಟದ್ದು

ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿ ನನ್ನ ದಾರಿ ನಾನು ಹಿಡಿದೆ. ನಮ್ಮ ಹಳ್ಳಿಯಲ್ಲಿ ದಿನವಿಡೀ ನೇಗಿಲು ಹಿಡಿಯುವವರು ತಿನ್ನುವುದು ಏನು? ರಾಗಿ ಮುದ್ದೆ, ಹುರುಳಿ ಸಾರು, ಬೆರಕೆ ಸೊಪ್ಪು, ಮಜ್ಜಿಗೆ. ಅವರಲ್ಲಿ ಒಬ್ಬರಿಗಾದರೂ ಹೊಟ್ಟೆ ಇದೆಯಾ? ಇಲ್ಲ. ಊರು ಬಿಟ್ಟು ಬಂದು ಬಿಳೀ ಅನ್ನ ಉಣ್ಣುವುದೇ ದೊಡ್ಡಸ್ತಿಕೆ ಅಂದುಕೊಂಡ ನಮಗೆ ತಾನೇ ಈ ಗತಿ! ರಾಗಿ ತವರಿಂದ ಬರುತ್ತಿತ್ತು, ಹುರುಳಿ ಅಗ್ಗ, ಸೊಪ್ಪಿಗೆ ಕಾಸೇ ಬೇಡ.

ಗಣಿಯ ಬೂದು ದಿಬ್ಬಗಳ ಹತ್ತಿರ ಏನು ಬೆಳೆದರೂ ಮುಟ್ಟಬಾರದು, ಅದರಲ್ಲಿ ವಿಷ ಇರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಎರಡು ಮೈಲಿ ನಡೆದು ಹೊಲಗಳ ಬದುವಿನಲ್ಲಿ ಸೊಪ್ಪು ಕೀಳುತ್ತಿದ್ದೆ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ನುಗ್ಗೆ ಚಿಗುರು, ಮಡಿಲು ತುಂಬ ತರುತ್ತಿದ್ದೆ.

ಜನರ ಕಣ್ಣಿಗೆ ಬೀಳದೆ ಇರುತ್ತದಾ? ಒಳಗಿನ ಕೆಲಸದವನ ಹೆಂಡತಿ ಬದುವಿನಲ್ಲಿ ಸೊಪ್ಪು ಕೀಳುತ್ತಾಳೆ, ಮನೆಯಲ್ಲಿ ಅಕ್ಕಿ ಬೇಯುವುದೇ ಇಲ್ಲ. ಅಂದ ಮೇಲೆ ಸಂಬಳ ಎಲ್ಲಿಗೆ ಹೋಗುತ್ತಿದೆ? ಹೆಂಡದಂಗಡಿಗೆ! ಲೈನಿನವರೇ ಪ್ರಶ್ನೆ ಕೇಳಿಕೊಂಡು ಲೈನಿನವರೇ ಉತ್ತರ ಹೇಳಿಕೊಂಡರು. ಮಾತು ಯಜಮಾನರ ಮೇಸ್ತ್ರಿಯ ಕಿವಿಗೂ ಬಿತ್ತು.

ಮೇಸ್ತ್ರಿ ಒಳ್ಳೆಯ ಮನುಷ್ಯ, ಆದರೆ ಇನ್ನೊಬ್ಬರಿಗೆ ಮಾತಾಡಲು ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಶಿಫ್ಟು ಮುಗಿದ ಮೇಲೆ ಎಲ್ಲರ ಮುಂದೆ ನಮ್ಮವರನ್ನು ನಿಲ್ಲಿಸಿ, "ಏನ್ಲಾ, ಮನೆ ಲಕ್ಷ್ಮೀನ ಸೊಪ್ಪು ಕೀಳಾಕೆ ಕಳಿಸ್ತೀಯಾ? ನಾಚ್ಕೆ ಆಗಾಕಿಲ್ವಾ? ಇವತ್ತಿಂದ ಕುಡಿಯಾಕಿಲ್ಲ ಅಂತ ಆಣೆ ಮಾಡು!" ಅಂದ.

"ಅಣ್ಣಾ, ನಾನು ಯಾವತ್ತೂ..."

"ಮಾತಾಡ್ಬೇಡ. ಆಣೆ ಮಾಡು!"

ನಮ್ಮವರು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಏನು ಮಾಡ್ತಾರೆ ಪಾಪ, ಹಣೆಗೆ ಕೈಮುಟ್ಟಿಸಿ ಆಣೆ ಮಾಡಿ ಮನೆಗೆ ಬಂದರು. ಮಾರನೇ ದಿನದಿಂದ ಅವರ ಮರ್ಯಾದೆಯೇ ಬೇರೆಯಾಯಿತು. ಲೈನಿನ ಹೆಂಗಸರು ತಮ್ಮ ಗಂಡಂದಿರಿಗೆ, "ನೋಡ್ರಿ, ಬಿಡಬೇಕು ಅಂದ್ರೆ ಹಂಗೆ ಬಿಡ್ಬೇಕು. ಒಂದೇ ದಿನದಲ್ಲಿ!" ಅಂತ ನಮ್ಮವರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

೪. ಜೋಪಾನ, ಒಡೆಯುವ ವಸ್ತು

ತಿಂಗಳಾಯಿತು. ಇಳಿದಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಆಸ್ಪತ್ರೆಯ ತಕ್ಕಡಿ ಪರೀಕ್ಷೆಯ ದಿನಕ್ಕೆ ಮಾತ್ರ. ಕಿರಾಣಿ ಅಂಗಡಿಯವನು, "ನನ್ನ ತಕ್ಕಡಿ ಮುರಿದ್ರೆ ಯಾರು ಕೊಡ್ತಾರೆ?" ಅಂದ. ಕೊನೆಗೆ ನನಗೆ ಬಂಗಾರಪೇಟೆ ಸ್ಟೇಷನ್ನಿನ ಪಾರ್ಸಲ್ ಆಫೀಸು ನೆನಪಾಯಿತು. ಅಲ್ಲಿ ಮೂಟೆಗಳನ್ನು ತೂಗುವ ದೊಡ್ಡ ಕಬ್ಬಿಣದ ಹಲಗೆ ಇತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ನಡೆದೇ ಹೊರಟೆವು. ರೈಲಿನ ಕಾಸೂ ಉಳಿಯಿತು, ಹೊಟ್ಟೆಗೆ ವ್ಯಾಯಾಮವೂ ಆಯಿತು. ಏಳೆಂಟು ಮೈಲಿ ನಡೆಯುವುದರಲ್ಲಿ ಯಜಮಾನರು ದಾರಿಯ ಮೈಲಿಗಲ್ಲುಗಳ ಮೇಲೆಲ್ಲ ಕೂತು ಎದ್ದರು.

ಪಾರ್ಸಲ್ ಬಾಬು ತೆಲುಗಿನವನು. ಮೂಗಿನ ತುದಿಯ ಕನ್ನಡಕದಿಂದ ನಮ್ಮನ್ನು ನೋಡಿ, "ಏಮಮ್ಮಾ, ಎಲ್ಲಿ ಮಾಲು?" ಅಂದ.

"ಇವರೇ," ಅಂದೆ.

"ಎಲ್ಲಿಗೆ ಕಳಿಸ್ಬೇಕು?"

"ಎಲ್ಲಿಗೂ ಬೇಡ, ತೂಗಿ ನನಗೇ ವಾಪಸ್ ಕೊಡಿ."

ಬಾಬು ನಕ್ಕುಬಿಟ್ಟ. ಯಜಮಾನರು ಹಲಗೆ ಹತ್ತಿದರು. ಇನ್ನೂರಾಆರು ರಾತ್ತಲು! ನಾಲ್ಕು ಇಳಿದಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅಲ್ಲಿದ್ದ ಕೂಲಿಯವನು ತಲೆ ಬಗ್ಗಿಸಿ ಸಾಲಾಗಿ ಇಟ್ಟಿದ್ದ ಮೂಟೆಗಳಿಗೆಲ್ಲ ಗೋಂದು ಬಳಿದು ಚೀಟಿ ಅಂಟಿಸುತ್ತಾ ಬರುತ್ತಿದ್ದ. ಹಲಗೆಯ ಮೇಲಿರುವುದೆಲ್ಲ ಮಾಲು ಅನ್ನುವುದು ಅವನ ಕೈಗೆ ಅಭ್ಯಾಸ. ತಲೆ ಎತ್ತದೆಯೇ ಯಜಮಾನರ ಬೆನ್ನಿಗೂ ಒಂದು ಚೀಟಿ ಬಡಿದು ಮುಂದೆ ಹೋದ. ಅದರಲ್ಲಿ 'ಜೋಪಾನ, ಒಡೆಯುವ ವಸ್ತು' ಅಂತ ಕೆಂಪು ಅಕ್ಷರ.

ನಾನು ನೋಡಿದೆ. ತೆಗೆಯಲಿಲ್ಲ. ಜನ ಏನು ಮಾಡುತ್ತಾರೋ ನೋಡೋಣ ಅಂತ ಕುತೂಹಲ. ಬಂಗಾರಪೇಟೆಯ ಬಜಾರಿನಲ್ಲಿ ಎಲ್ಲರೂ ನಮ್ಮವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. "ಸಣ್ಣಗಾದ್ರೆ ಜನ ಎಷ್ಟು ಗೌರವ ಕೊಡ್ತಾರೆ ನೋಡೇ," ಅಂತ ಇವರಿಗೆ ಎದೆ ಉಬ್ಬಿತು. ಬೂದಿಕೋಟೆ ಬಸ್ಸಿನ ಹತ್ತಿರ ಹೋದೆವು. ಕಂಡಕ್ಟರು ಇವರ ಬೆನ್ನು ನೋಡಿ, ನನ್ನ ಮುಖ ನೋಡಿ ಕೇಳಿದ, "ಅಮ್ಮಾ, ಇದು ಟಾಪ್ ಮೇಲಾ, ಒಳಗಾ?"

೫. ಒಂದೇ ಮುದ್ದೆ

ಆ ಬಸ್ಸು ಹತ್ತಿದ್ದು ನಮ್ಮವ್ವನ ಮನೆಗೆ ಹೋಗೋಕೆ. ಅಳಿಯ ಬರುತ್ತಾನೆಂದರೆ ಅವ್ವ ಕೋಳಿ ಕುಯ್ದು, ಒಬ್ಬಟ್ಟು ತಟ್ಟಿ, ತುಪ್ಪದ ಗಡಿಗೆ ಮುಂದಿಟ್ಟುಕೊಂಡು ಕೂರುವವಳು. ಅದಕ್ಕೇ ಹಿಂದಿನ ವಾರವೇ ಹೇಳಿ ಕಳಿಸಿದ್ದೆ: 'ಕೋಳಿ ಬೇಡ, ಒಬ್ಬಟ್ಟು ಬೇಡ. ಸೊಪ್ಪಿನ ಸಾರು, ಒಂದೇ ಒಂದು ಮುದ್ದೆ. ಎರಡನೇ ಮುದ್ದೆ ಹಾಕಿದ್ರೆ ನಿನ್ನ ಮಗಳ ನಲ್ಲಿ ಹೋಯ್ತದೆ.'

ಅವ್ವ ಮಾತಿಗೆ ತಪ್ಪುವವಳಲ್ಲ. ಊಟಕ್ಕೆ ಕೂತಾಗ ಒಳಗಿಂದ ಎರಡು ಕೈಯಲ್ಲಿ ಮುದ್ದೆ ಎತ್ತಿಕೊಂಡು ಬಂದಳು. ಬಾಗಿಲು ದಾಟುವಾಗ, "ಜರುಗ್ರಿ, ಜರುಗ್ರಿ," ಅಂತ ಕೂಗಿಕೊಂಡು ಬಂದಳು. ತಟ್ಟೆಯಲ್ಲಿಟ್ಟರೆ ತಟ್ಟೆ ಕಾಣಲಿಲ್ಲ. ಸಾರು ಬಿಡಲು ಜಾಗವಿಲ್ಲದೆ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಡಬೇಕಾಯಿತು.

"ಅವ್ವಾ! ಏನಿದು?"

"ಯಾಕೆ, ನೀನೇ ಯೋಳಿದ್ಯಲ್ಲ? ಒಂದೇ ಮುದ್ದೆ. ಎಣಿಸ್ಕೋ!"

ಯಜಮಾನರು, "ಅತ್ತೆ ಮಾತು ಸರಿಯಾಗೇ ಐತೆ," ಅಂತ ಕೈ ತೊಳೆದುಕೊಂಡರು. ಅರ್ಧ ಮುರಿದು ನಾನೆತ್ತಿಕೊಂಡೆ. ಆ ಅರ್ಧವನ್ನು ನಾನೂ ಅವ್ವನೂ ಹಂಚಿಕೊಂಡು ತಿಂದರೂ ಮಿಕ್ಕಿತು, ಅದನ್ನು ಎಮ್ಮೆಗೆ ಹಾಕಿದೆವು.

ಊಟ ಮುಗಿಸಿ ಏಳುವಾಗ ಇವರು ಚಡ್ಡಿಯನ್ನು ಎಳೆದು ಕಟ್ಟಿಕೊಂಡರು. ಅವ್ವನ ಕಣ್ಣು ಸೊಂಟದ ಮೇಲೆ ಬಿತ್ತು. "ಅಯ್ಯೋ ಸಿವನೇ, ಅಳೀಮಯ್ಯ ಒಣಗ್ಬುಟ್ಟವ್ರೆ! ಯಾರೋ ಮದ್ದು ಆಕವ್ರೆ ಕಣೇ!" ಅಂತ ಎದೆ ಬಡಿದುಕೊಂಡಳು. ಆಗದವರು ಊಟದಲ್ಲಿ ಏನೋ ಬೆರೆಸಿ ಮದ್ದು ಹಾಕಿದರೆ ಮನುಷ್ಯ ಕರಗಿಹೋಗುತ್ತಾನೆ ಅನ್ನುವುದು ನಮ್ಮ ಕಡೆಯ ನಂಬಿಕೆ. "ಮದ್ದಲ್ಲ ಅವ್ವಾ, ಹುರುಳಿ ಸಾರು," ಅಂದರೂ ಕೇಳಲಿಲ್ಲ. ಓಡಿಹೋಗಿ ಊರ ಪೂಜಾರಿಯಿಂದ ಒಂದು ತಾಮ್ರದ ತಾಯಿತ ತಂದು ಇವರ ಉಡಿದಾರಕ್ಕೆ ಕಟ್ಟಿದಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಒಂದೊಂದು. ಇವರು ಇಳಿದಷ್ಟೂ ಅವ್ವನ ಭಯ ಏರುತ್ತಿತ್ತು. ದರ್ಗಾದ್ದು ಒಂದು, ಮುನೇಶ್ವರನದು ಒಂದು, ಸೀಸದ್ದು ಎರಡು. ನಮ್ಮ ಪಕ್ಕದ ಮನೆ ತಮಿಳಮ್ಮನೂ ತನ್ನ ಪಾಲಿಗೆ ಚರ್ಚಿನ ಮಾತೆಯ ಪದಕ ಒಂದನ್ನು ಕೊಟ್ಟಳು. ಇಷ್ಟು ಸಾಲದೆಂದು ಅವ್ವ ಎತ್ತಿನ ಕಾಲಿನ ಹಳೇ ಲಾಳ ಒಂದನ್ನೂ ತಂದು ಬಿಗಿದಳು.

"ಲಾಳ ಯಾಕವ್ವಾ?" ಅಂದೆ.

"ಅದು ಕಬ್ಬಿಣ ಕಣೇ. ಮಿಕ್ಕವು ಕೆಲಸ ಮಾಡ್ದಿದ್ರೂ ಅದು ಭಾರಕ್ಕಾದ್ರೂ ಆಯ್ತದೆ," ಅಂದಳು.

೬. ಕಾಣೆಯಾದ ಮಾಲು

ಈ ಹೊತ್ತಿಗೆ ಲೈನಿನವರಿಗೆಲ್ಲ ನಿಜ ಏನು ಅಂತ ಬಿಡಿಸಿ ಹೇಳಿದ್ದೆ. ಹೇಳಿದ್ದೇ ತಡ, ಎಲ್ಲರೂ ಕಾವಲಿಗೆ ನಿಂತರು. ಬೋಂಡಾ ಅಂಗಡಿಯವನು ಇವರನ್ನು ಕಂಡರೆ ಬಾಣಲೆಗೆ ಮುಚ್ಚಳ ಹಾಕುತ್ತಿದ್ದ. ಬೇಕರಿಯವನು, "ನಿಮ್ಮ ಮನೆಯಮ್ಮ ಬಂದು ಹೇಳಿದ್ರೆ ಮಾತ್ರ ಬನ್ನು," ಅಂದ. ಇವರು ಮುಖ ಜೋಲು ಹಾಕಿಕೊಂಡು ಬಂದು ಹುರುಳಿ ಸಾರು ಸುರಿಯುತ್ತಿದ್ದರು. ತೂಕ ಇಳಿಯಿತು ನೋಡಿ! ಇನ್ನೂರು, ನೂರಾತೊಂಬತ್ತಾರು. ಹೊಸ ಬಟ್ಟೆ ಹೊಲಿಸೋಕೆ ಕೈಯಲ್ಲಿ ಏನಿತ್ತು? ಹಳೇ ಚಡ್ಡಿಯನ್ನೇ ಹಗ್ಗ ಹಾಕಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಚಿನ್ನದ ಗಣಿ ಅಂದ ಮೇಲೆ ಹೊರಗೆ ಬರುವಾಗ ಪ್ರತಿಯೊಬ್ಬರನ್ನೂ ಮೈ ತಡಕಿ ಜಡ್ತಿ ಮಾಡುತ್ತಾರೆ. ಬಾಯಿ, ಕಿವಿ, ತಲೆಗೂದಲು, ಎಲ್ಲ. ಅಲ್ಲಿನ ಕಾವಲುಗಾರ ಒಬ್ಬ ದಪ್ಪ ಮೀಸೆಯವನು. ಒಂದು ದಿನ ಇವರ ಚಡ್ಡಿ ಹಿಡಿದು ಎಳೆದು ನೋಡಿ ದಂಗಾಗಿಬಿಟ್ಟ.

"ಇದರೊಳಗೆ ಯಾಕಿಷ್ಟು ಜಾಗ?" ಅಂದ.

"ಮೊದ್ಲು ನಾನಿದ್ದೆ ಸಾರ್," ಅಂದರು ಇವರು.

"ಇಷ್ಟು ಜಾಗದಲ್ಲಿ ಅರ್ಧ ಗಣಿ ಹೊತ್ಕೊಂಡು ಹೋಗಬಹುದು!" ಅಂತ ಅವನು ಪಕ್ಕಕ್ಕೆ ನಿಲ್ಲಿಸಿದ. ಅಂಗಿ ಎತ್ತಿದರೆ ತಾಯಿತಗಳ ಗೊಂಚಲು! ಅವನ ಕಣ್ಣು ಇನ್ನೂ ಅಗಲವಾಯಿತು. ಒಂದೊಂದನ್ನೂ ಬಿಚ್ಚಿ ನೋಡಿದ. ಬೂದಿ, ಬೇರು, ದಾರ, ಇನ್ನೊಂದಿಷ್ಟು ಬೂದಿ. ಲಾಳವನ್ನು ಹಲ್ಲಿನಲ್ಲಿ ಕಚ್ಚಿಯೂ ನೋಡಿದನಂತೆ. ಮೇಲಧಿಕಾರಿಗಳನ್ನು ಕರೆಸಿದ. ಇವರು ಡಾಕ್ಟರಿಂದ ಹಿಡಿದು ಹುರುಳಿಯ ತನಕ ಇಡೀ ಕಥೆ ಹೇಳಬೇಕಾಯಿತು.

ಆವತ್ತಿಂದ ಆ ಕಾವಲುಗಾರ ಇವರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ 'ತಾಯಿತ ಆರು, ಲಾಳ ಒಂದು' ಅಂತ ಕೂಗಿ ಎಣಿಸುತ್ತಿದ್ದ. ಮೊದಲ ದಿನದ ವರದಿಯನ್ನು ಅವನೇ ಪುಸ್ತಕದಲ್ಲಿ ಬರೆದ. ಬರೆದದ್ದನ್ನು ಇವರಿಗೆ ಓದಿಯೂ ಹೇಳಿದ: "ಸಿಕ್ಕಿದ ಮಾಲು, ಏನೂ ಇಲ್ಲ. ಕಾಣೆಯಾದ ಮಾಲು, ಹೊಟ್ಟೆ."

೭. ಕೊನೆಯ ರಾತ್ತಲು

ಪರೀಕ್ಷೆಯ ಹಿಂದಿನ ಭಾನುವಾರ ಪಾರ್ಸಲ್ ಬಾಬುವಿನ ತಕ್ಕಡಿಯಲ್ಲಿ ನೂರಾತೊಂಬತ್ತೆರಡು. ಇನ್ನು ಎರಡೇ ಎರಡು ರಾತ್ತಲು! ಆ ವಾರ ನಾನು ಮುದ್ದೆಯನ್ನು ನಿಂಬೆಹಣ್ಣಿನಷ್ಟು ಮಾಡಿದೆ. ಇವರು ಅದನ್ನು ಕೈಯಲ್ಲಿ ಹಿಡಿದು, "ಇದು ಊಟವೋ, ಗೋಲಿಯೋ?" ಅಂದರು. ಆದರೂ ಹಟ ಮಾಡಲಿಲ್ಲ, ತಿಂದರು. ನಿಜ ಹೇಳಬೇಕೆಂದರೆ ಆಗ ನನಗೆ ಇವರ ಮೇಲೆ ತುಂಬ ಅಕ್ಕರೆ ಬಂತು. ಅಷ್ಟು ದಿನ ನಲ್ಲಿಗಾಗಿ ಒದ್ದಾಡಿದ್ದೆ. ಆ ವಾರ ಈ ಮನುಷ್ಯ ಗೆಲ್ಲಲಿ ಅಂತಲೇ ಒದ್ದಾಡಿದೆ.

ಪರೀಕ್ಷೆಯ ದಿನ ನಾನೂ ಹೋದೆ. ಅವ್ವ ಹಿಂದಿನ ದಿನವೇ ಬಂದಿದ್ದಳು, ಅವಳೂ ಬಂದು ಕಿಟಕಿಯ ಹೊರಗೆ ಜಗಲಿಯ ಮೇಲೆ ಕೂತಳು. ಡಾಕ್ಟರು ನನ್ನ ಗುರುತು ಹಿಡಿದು, "ಓಹೋ, ಎಲ್ಲಿಗೆ ಹೋಗುತ್ತೆ ಅಂತ ಕೇಳಿದವಳಲ್ಲವಾ? ಬಾ, ನೋಡೋಣ," ಅಂತ ಒಳಗೆ ಬಿಟ್ಟರು.

ಇವರು ಅಂಗಿ ಬಿಚ್ಚಿ ತಕ್ಕಡಿ ಹತ್ತಿದರು. ಮುಳ್ಳು ಆ ಕಡೆ ಈ ಕಡೆ ಓಲಾಡಿ ನಿಂತಿತು. ನೂರಾತೊಂಬತ್ತೊಂದು.

ಒಂದು ರಾತ್ತಲು ಹೆಚ್ಚು!

ಡಾಕ್ಟರು ತಲೆ ಕೆರೆದುಕೊಂಡರು. "ಹತ್ತೊಂಬತ್ತು ಇಳಿಸಿದ್ದೀಯ, ಶಹಭಾಸ್. ಆದರೆ ನಿಯಮ ಅಂದರೆ ನಿಯಮ ಕಣಯ್ಯ," ಅಂತ ಪೆನ್ನು ತೆಗೆದರು. ಇವರು ತಲೆ ತಗ್ಗಿಸಿ ನಿಂತಿದ್ದರು. ಮೂರು ತಿಂಗಳು ಒಂದು ಬೋಂಡಾ ಇಲ್ಲದೆ ಕಳೆದ ಮನುಷ್ಯ! ನನಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಡಾಕ್ಟರ ಕಣ್ಣು ಇವರ ಸೊಂಟಕ್ಕೆ ಬಿತ್ತು. "ಇದೇನಿದು ಅಂಗಡಿ? ತೆಗಿ ಇದನ್ನೆಲ್ಲ, ಇನ್ನೊಂದು ಸಲ ತೂಗೋಣ."

ಕಿಟಕಿಯಿಂದ ಅವ್ವನ ತಲೆ ಒಳಗೆ ಬಂತು. "ಯಾರ್ಲಾ ಅದು ಉಡಿದಾರ ಬಿಚ್ಚೋನು? ಉಡಿದಾರ ಬಿಚ್ಚೋದು ಜೀವ ಓದ್ಮೇಲೆ! ನನ್ ಮಗಳ ಮುಂದೇನೇ ಬಿಚ್ಚುಸ್ತೀರಾ?"

"ಉಡಿದಾರ ಇರಲಿ, ತಾಯಿತ ಮಾತ್ರ ಕತ್ತರಿಸಮ್ಮಾ," ಅಂದರು ಡಾಕ್ಟರು.

"ಕೊನೇದು ಕಟ್ಟಿ ನಲವತ್ತೆಂಟು ದಿನ ಆಗೋಗಂಟ ಕತ್ತರಿ ಮುಟ್ಟಂಗಿಲ್ಲ!" ಅಂತ ಅವ್ವ ಕಿಟಕಿಯ ಕಂಬಿ ಹಿಡಿದುಕೊಂಡಳು. ಇವರಿಗೂ ಮುಖ ಬಿಳಿಚಿಕೊಂಡಿತು. ಗಂಡಸಿನ ಉಡಿದಾರ ಅಂದರೆ ಹುಟ್ಟಿದಾಗ ಕಟ್ಟಿದ್ದು, ಅದರ ತಂಟೆಗೆ ಯಾರೂ ಹೋಗುವುದಿಲ್ಲ. "ಬಿಡಿ ಸಾರ್, ಮೇಲಿನ ಕೆಲಸಕ್ಕೇ ಓಯ್ತೀನಿ," ಅಂತ ತಕ್ಕಡಿಯಿಂದ ಇಳಿಯೋಕೆ ಕಾಲು ಎತ್ತಿದರು.

"ಇಳಿದ್ರೆ ನೋಡಿ!" ಅಂತ ನಾನು ಗದರಿದೆ. ನಿಂತುಕೊಂಡರು. ನಾನು ಡಾಕ್ಟರ ಕಡೆ ತಿರುಗಿ, "ಡಾಕ್ಟ್ರೇ, ನೀವು ಇವರನ್ನ ತೂಗ್ತಿದ್ದೀರೋ, ದೇವರನ್ನ ತೂಗ್ತಿದ್ದೀರೋ?" ಅಂದೆ.

"ಇವನನ್ನೇ ಕಣಮ್ಮಾ."

"ಹಂಗಾದ್ರೆ ಬಿಚ್ಚೋದೂ ಬೇಡ, ಕತ್ತರಿಸೋದೂ ಬೇಡ. ದೇವರನ್ನ ನಾನು ಹಿಡ್ಕೋತೀನಿ, ಇವರನ್ನ ನೀವು ತೂಗಿ."

ತಕ್ಕಡಿಯ ಪಕ್ಕ ನಿಂತು, ಉಡಿದಾರಕ್ಕೆ ಕಟ್ಟಿದ್ದ ತಾಯಿತಗಳ ಗೊಂಚಲನ್ನೂ ಲಾಳವನ್ನೂ ಕೆಳಗಿಂದ ಅಂಗೈ ಕೊಟ್ಟು ಎತ್ತಿ ಹಿಡಿದೆ. ಡಾಕ್ಟರು ಬಗ್ಗಿ ಮುಳ್ಳು ನೋಡಿದರು. ಮುಳ್ಳು ಅಲುಗಿತು. ಕೆಳಗಿಳಿಯಿತು. ನೂರಾತೊಂಬತ್ತರ ಗೆರೆಯ ಮೇಲೆ ಬಂದು ಗಡಗಡ ನಡುಗುತ್ತಾ ನಿಂತಿತು. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಾ ಕೇಳಿದರು, "ಅಮ್ಮಾ, ನೀನು ತಾಯಿತ ಮಾತ್ರ ತಾನೇ ಹಿಡಿದಿರೋದು?"

"ಹೂಂ ಡಾಕ್ಟ್ರೇ, ಇನ್ನೇನೈತೆ ಹಿಡಿಯೋಕೆ?"

ಡಾಕ್ಟರು ನಗು ತಡೆದುಕೊಂಡು 'ಲಾಯಕ್ಕು' ಅಂತ ಬರೆದು ಸಹಿ ಹಾಕಿದರು. ಅವ್ವ ಜಗಲಿಯ ಮೇಲಿಂದಲೇ, "ನೋಡಿದ್ರಾ, ಕೊನೆಗೆ ತಾಯಿತಾನೇ ಕಾಪಾಡ್ತು!" ಅಂತ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು. ಅಲ್ಲಿಂದ ನೇರವಾಗಿ ಮನೆಗೆ ಬಂದು ನಾನು ನಲ್ಲಿ ತಿರುಗಿಸಿ, ಬಿಂದಿಗೆ ತುಂಬಿ ಹರಿದರೂ ನಿಲ್ಲಿಸದೆ ನೋಡುತ್ತಾ ನಿಂತಿದ್ದೆ.

ಆಮೇಲೆ ತಿಂಗಳೊಳಗೆ ಇವರು ನಿಜವಾಗಿಯೂ ನೂರಾಎಂಬತ್ತೇಳಕ್ಕೆ ಇಳಿದರು. ನಿವೃತ್ತಿಯಾಗುವ ತನಕ ಹಾಗೇ ಇದ್ದರು. ಹಾಗಾಗಿ ನನಗೆ ಪಾಪ ಬಂದಿರಲಿಕ್ಕಿಲ್ಲ.

ಪಾಪ ಯಾಕೆ ಅಂತೀರಾ? ನಲವತ್ತೆಂಟು ದಿನ ಕಳೆದ ಮೇಲೆ ಅವ್ವನೇ ಬಂದು ತಾಯಿತಗಳನ್ನು ಬಿಚ್ಚಿದಳು. ನನಗೆ ಕುತೂಹಲ ಬಿಡಬೇಕಲ್ಲ! ಅಷ್ಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. ಲಾಳವೂ ಸೇರಿ ಅರ್ಧ ರಾತ್ತಲು.

ಡಾಕ್ಟರನ್ನು ನಾನು ಕೇಳಿದ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಹತ್ತೊಂಬತ್ತೂವರೆ ರಾತ್ತಲು ಎಲ್ಲಿಗೆ ಹೋಯಿತೋ ಆ ದೇವರಿಗೇ ಗೊತ್ತು. ಮಿಕ್ಕ ಅರ್ಧ ರಾತ್ತಲು ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ತಾಯಿತದ ಕೆಳಗೆ ಅಂಗೈ ಕೊಟ್ಟಿದ್ದೆ ಅಂದೆನಲ್ಲ, ತೋಳು ಕೊಟ್ಟದ್ದು ಹೊಟ್ಟೆಯ ಕೆಳಗೆ.